ಇಲ್ಲದ ಬೆರಳಿನ ನೋವು

ನಮ್ಮ ಪುಣೆಯ ವಾನವಡಿಯಲ್ಲಿ ಸೈನ್ಯದ ಕೃತಕ ಅಂಗ ಕೇಂದ್ರವಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ, 1944ರಲ್ಲಿ ಶುರುವಾದದ್ದು. ಆ ದಾರಿಯಲ್ಲಿ ಎಷ್ಟೋ ಸಲ ಓಡಾಡಿದ್ದೇನೆ. ಆದರೆ ಕೃತಕ ಕೈ ಹೇಗೆ ಕೆಲಸ ಮಾಡುತ್ತದೆ ಎಂದು ಯೋಚಿಸಿದ್ದು ಬಾಗಲಕೋಟೆ ಕಡೆಯ ಮಾಜಿ ಸೈನಿಕರೊಬ್ಬರ ಪರಿಚಯವಾದ ಮೇಲೆ. ಪಿಂಚಣಿಗೆಂದು ನಮ್ಮ ಶಾಖೆಗೆ ಬರುತ್ತಾರೆ. ಪರಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಮಾತು ಬೆಳೆಯುವುದಕ್ಕೆ ಎಷ್ಟು ಹೊತ್ತು ಬೇಕು ಹೇಳಿ!

ಅವರದು ಮಯೋಎಲೆಕ್ಟ್ರಿಕ್ ಕೈ. ಉಳಿದ ತೋಳಿನ ಸ್ನಾಯು ಬಿಗಿದಾಗ ಹುಟ್ಟುವ ಸಣ್ಣ ವಿದ್ಯುತ್ತನ್ನು ಗುರುತಿಸಿ ಬೆರಳಿನ ಮೋಟಾರು ತಿರುಗುತ್ತದೆ. ಒಮ್ಮೆ ನೋಟುಗಳನ್ನು ಆ ಕೈಯಲ್ಲಿ ಹಿಡಿದು ಎಡಗೈಯಲ್ಲಿ ಎಣಿಸುತ್ತಿದ್ದರು. ಯಾರೋ ಕರೆದರೆಂದು ಅತ್ತ ತಿರುಗಿದರು, ನೋಟೆಲ್ಲ ಜಾರಿ ನೆಲಕ್ಕೆ. "ಹಿಡೀತೈತ್ರಿ ಸಾಹೇಬ್ರ, ಆದ್ರ ಏನ್ ಹಿಡದೈತಿ ಅಂತ ಅದಕ್ಕ ತಿಳೀವಲ್ದು" ಎಂದು ನಕ್ಕರು. ಆಮೇಲೆ ಮೆಲ್ಲಗೆ, "ಇಲ್ಲದ ಬೆರಳು ಮಾತ್ರ ರಾತ್ರಿ ಭಾಳ ನೋಯ್ತಾವ್ರಿ" ಎಂದರು.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಆರ್ಡರು ಹೋಗುತ್ತದೆ, ರಸೀದಿ ವಾಪಸು ಬರುವುದಿಲ್ಲ. ಆ ರಸೀದಿ ತರುವ ದಾರಿಯೊಂದಿದೆ. ಕೈ ಹೋದರೂ ಬೆರಳಿನಿಂದ ಸುದ್ದಿ ತರುತ್ತಿದ್ದ ನರಗಳು ತೋಳಿನಲ್ಲಿ ಜೀವಂತವಾಗಿರುತ್ತವೆ. ಅವುಗಳಿಗೆ ಹಿತವಾಗಿ ವಿದ್ಯುತ್ ಮುಟ್ಟಿಸಿದರೆ, ಇಲ್ಲದ ಬೆರಳನ್ನೇ ಯಾರೋ ಮುಟ್ಟಿದರೆಂದು ಮಿದುಳಿಗೆ ಅನಿಸುತ್ತದೆ.

2013ರಲ್ಲಿ ರೋಮ್‌ನಲ್ಲಿ ಡೆನ್ಮಾರ್ಕಿನ ಡೆನಿಸ್ ಸೋರೆನ್‌ಸೆನ್ ಎಂಬವರು ಇಂಥ ಕೈಯಲ್ಲಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ, ವಸ್ತು ಗಟ್ಟಿಯೋ ಮೆತ್ತಗೋ ಎಂದು ಹೇಳಿದರು. ಅದು ಪ್ರಯೋಗ ಮಾತ್ರ. ಸುಮಾರು ಒಂದು ತಿಂಗಳಿಗೆ ಎಲೆಕ್ಟ್ರೋಡುಗಳನ್ನು ತೆಗೆಯಲಾಯಿತು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಡಸ್ಟಿನ್ ಟೈಲರ್ ಅವರ ತಂಡ 2012ರಲ್ಲಿ ಐಗೋರ್ ಸ್ಪೆಟಿಕ್ ಎಂಬವರ ತೋಳಿನ ನರಗಳ ಸುತ್ತ ಪಟ್ಟಿಯಂಥ ಎಲೆಕ್ಟ್ರೋಡುಗಳನ್ನು ಕೂರಿಸಿತು. ಒಂದೇ ಸಮನೆ ವಿದ್ಯುತ್ ಕೊಟ್ಟರೆ ಬರೀ ಜುಮುಜುಮು. ಅದನ್ನೇ ಏರಿಳಿಸಿ ಕೊಟ್ಟಾಗ ನಿಜವಾಗಿ ಮುಟ್ಟಿದ ಹಾಗಾಯಿತು. ಸ್ಪೆಟಿಕ್ ಚೆರ್ರಿ ಹಣ್ಣನ್ನು ಜಜ್ಜದೆ ಹಿಡಿದು ತೊಟ್ಟು ಕಿತ್ತರು.

ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಚೆರ್ರಿ ಅಲ್ಲ. ಇಲ್ಲದ ಮುಷ್ಟಿಯನ್ನು ಯಾರೋ ಹಿಂಡಿದಂತೆ ಅವರಿಗಾಗುತ್ತಿದ್ದ ನೋವು ಈ ಪ್ರಯೋಗದಿಂದ ಬಹುಮಟ್ಟಿಗೆ ಇಳಿಯಿತಂತೆ. ಒಬ್ಬರಿಗೆ ಇಳಿದದ್ದು ಎಲ್ಲರಿಗೂ ಇಳಿಯಬೇಕೆಂದಿಲ್ಲ. ಇದಕ್ಕೆ ಶಸ್ತ್ರಚಿಕಿತ್ಸೆ ಬೇಕು, ಇನ್ನೂ ಹೆಚ್ಚಾಗಿ ಸಂಶೋಧನೆಯ ಹಂತದಲ್ಲೇ ಇದೆ. ಆದರೂ ಇಂಥ ಕೈಯ ಲಾಭ ಲೆಕ್ಕ ಹಾಕುವವರು ಹಿಡಿತದ ಜೊತೆಗೆ ನಿದ್ದೆಯನ್ನೂ ಜಮಾ ಬರೆದುಕೊಳ್ಳಬೇಕು ಎಂದು ನನಗನ್ನಿಸುತ್ತದೆ.

ನಿಮ್ಮ ಮನೆಯಲ್ಲಿ ಕೈಯೋ ಕಾಲೋ ಕಳೆದುಕೊಂಡವರಿದ್ದು, ಇಲ್ಲದ ಅಂಗ ನೋಯುತ್ತಿದೆ ಎಂದರೆ ದಯವಿಟ್ಟು ಭ್ರಮೆ ಎನ್ನಬೇಡಿ. ಅಂಗ ಹೋಗಿರಬಹುದು, ನೋವು ನಿಜ. ಅದಕ್ಕೆ ಈಗಲೂ ಔಷಧ, ಉಪಚಾರಗಳಿವೆ. ವೈದ್ಯರ ಬಳಿ ಕರೆದುಕೊಂಡು ಹೋಗಿ.