ಕಾಲ ಕೆಳಗಿನ ಲೆಕ್ಕ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು, ‘ನೆಲ ಹಾಕಿಸಿ ನೋಡು’ ಎಂಬುದನ್ನು ಏಕೆ ಸೇರಿಸಲಿಲ್ಲವೋ ನನಗೆ ತಿಳಿಯದು. ಬಹುಶಃ ಅವರ ಕಾಲಕ್ಕೆ ಆ ಕಷ್ಟವಿರಲಿಲ್ಲ. ಮಣ್ಣು ಬಡಿದು ಗಟ್ಟಿ ಮಾಡಿ, ಸಗಣಿ ಸಾರಿಸಿ, ಅಂಚಿಗೊಂದು ರಂಗೋಲಿ ಎಳೆದರೆ ಮುಗಿಯಿತು. ನಮ್ಮ ಕಾಲ ಹಾಗಲ್ಲ. ಪಾಯ, ಗೋಡೆ, ತಾರಸಿ, ಬಾಗಿಲು, ನಲ್ಲಿ, ವಯರಿಂಗು ಎಲ್ಲವೂ ತಮ್ಮ ತಮ್ಮ ಪಾಲು ತಿಂದು ಕೈ ತೊಳೆದ ಮೇಲೆ ನೆಲದ ಸರದಿ ಬರುತ್ತದೆ. ಆ ಹೊತ್ತಿಗೆ ಮನೆ ಯಜಮಾನನ ಜೇಬೂ ತೊಳೆದಿಟ್ಟಂತಿರುತ್ತದೆ.

2018ರಲ್ಲಿ ತುಮಕೂರಿನ ಹೊರವಲಯದಲ್ಲಿ ನಾವೊಂದು ಪುಟ್ಟ ಮನೆ ಕಟ್ಟಿಸಿದೆವು. ನೆಲದ ವಿಸ್ತೀರ್ಣ 600 ಚದರ ಅಡಿ. ಅದಕ್ಕೆಂದು ಕೈಯಲ್ಲಿ ಉಳಿದದ್ದು 70 ಸಾವಿರ ರೂಪಾಯಿ. ಇದಲ್ಲದೆ ಬ್ಯಾಂಕಿನಲ್ಲಿ 40 ಸಾವಿರದ ಒಂದು ಠೇವಣಿ ಇತ್ತು. ಮೊದಲ ಪಿಯುಸಿ ಮುಗಿಸಿದ್ದ ಮಗಳ ಮುಂದಿನ ಓದಿಗೆ ಅದು ಮೀಸಲು. ‘ಮನೆಗೆ ಬಾಗಿಲೇ ಇಲ್ಲದಿದ್ದರೂ ಸರಿ, ಆ ದುಡ್ಡನ್ನು ಮಾತ್ರ ಮುಟ್ಟಕೂಡದು’ ಎಂದು ನನ್ನಾಕೆ ಪಾಯ ತೋಡಿದ ದಿನವೇ ಕರಾರು ಹಾಕಿದ್ದಳು.

ಅಮ್ಮನಿಗೆ ಕೆಂಪು ಗಾರೆ ನೆಲ ಬೇಕಿತ್ತು. ಊರಿನ ಹಳೆಯ ಮನೆಯಲ್ಲಿ ಅಂಥದ್ದೇ ನೆಲ. ಬೇಸಗೆಯ ಮಧ್ಯಾಹ್ನ ಬರಿಮೈಯಲ್ಲಿ ಅದರ ಮೇಲೆ ಉರುಳಿದರೆ ಚಾಪೆಯೂ ಬೇಡ, ಫ್ಯಾನೂ ಬೇಡ. ನಮ್ಮ ಮೇಸ್ತ್ರಿ ಮಾತ್ರ ತಲೆಯಾಡಿಸಿದ. ‘ಸಾಮಾನು ಅಗ್ಗ ಸಾರ್, ಆದರೆ ಕೈಕೆಲಸ ದುಬಾರಿ’ ಎಂದ. ಕೆಳಗಿನ ಗಾರೆ ಹಸಿಯಾಗಿರುವಾಗಲೇ ಸಿಮೆಂಟು ಮತ್ತು ಕೆಂಪು ಪುಡಿಯ ತೆಳು ಪದರ ಎಳೆದು, ಕರಣೆಯಲ್ಲಿ ಉಜ್ಜಿ ಉಜ್ಜಿ ನಯ ಮಾಡಬೇಕಂತೆ. ಒಂದು ಕೋಣೆಯನ್ನು ಒಂದೇ ಪಟ್ಟಿಗೆ ಮುಗಿಸಬೇಕು, ನಡುವೆ ನಿಲ್ಲಿಸಿದರೆ ಗೆರೆ ಬೀಳುತ್ತದೆ. ಆಮೇಲೆ ವಾರಗಟ್ಟಲೆ ನೀರು ಆರದಂತೆ ಕಾಯಬೇಕು, ಇಲ್ಲವಾದರೆ ಬಿರುಕು ಬಿಡುತ್ತದೆ. ‘ಬಲ್ಲವರೆಲ್ಲ ಮುದುಕರಾದರು. ನಾನು ಮಾಡಿ ಕೆಟ್ಟರೆ ನನ್ನನ್ನು ಬೈಬೇಡಿ’ ಎಂದು ಕೈ ಮುಗಿದ. ಅವನ ಪ್ರಾಮಾಣಿಕತೆಗೆ ನಾನೂ ಕೈ ಮುಗಿದೆ.

ಹಾಗಾದರೆ ಶಹಾಬಾದ್ ಕಲ್ಲು? ಕಲಬುರಗಿ ಜಿಲ್ಲೆಯ ಈ ಬೂದು ಬಣ್ಣದ ಹಾಸುಗಲ್ಲು ನಾವು ಕೇಳಿದ್ದರಲ್ಲೆಲ್ಲ ಅಗ್ಗವಾಗಿತ್ತು. ‘ಉಗ್ರಾಣದ ಹಾಗೆ ಕಾಣುತ್ತೆ’ ಎಂದು ತಳ್ಳಿಹಾಕಿದವನು ನಾನೇ. ಇಳಕಲ್ಲಿನ ಕೆಂಪು ಗ್ರಾನೈಟ್ ಮನಸ್ಸಿಗೆ ಬಂತು, ಬೆಲೆ ಕೇಳಿ ಮನಸ್ಸಿನಿಂದಲೇ ಹೋಯಿತು. ಕೊನೆಗೆ ಎಲ್ಲರಂತೆ ನಾವೂ ಟೈಲ್ಸ್ ಅಂಗಡಿಯ ಮೆಟ್ಟಿಲು ಹತ್ತಿದೆವು.

ಅಂಗಡಿಯಾತ ಸೆರಾಮಿಕ್ ಮತ್ತು ವಿಟ್ರಿಫೈಡ್ ಟೈಲ್ಸ್‌ಗಿರುವ ವ್ಯತ್ಯಾಸವನ್ನು ಚೆನ್ನಾಗಿಯೇ ವಿವರಿಸಿದ. ಎರಡೂ ಸುಟ್ಟ ಮಣ್ಣೇ. ವಿಟ್ರಿಫೈಡ್ ಹೆಚ್ಚಿನ ಶಾಖದಲ್ಲಿ ಬೆಂದು ಗಾಜಿನಂತೆ ಬಿಗಿಯಾದದ್ದು. ತನ್ನ ತೂಕದ ನೂರರಲ್ಲಿ ಅರ್ಧ ಪಾಲಿಗಿಂತ ಹೆಚ್ಚು ನೀರನ್ನು ಅದು ಹೀರುವುದಿಲ್ಲ, ಹಾಗಾಗಿ ಕಲೆಯೂ ಇಳಿಯುವುದಿಲ್ಲ. ಬಿಳಿಯ, ಕನ್ನಡಿಯಂಥ ಒಂದು ಟೈಲ್ಸನ್ನು ಅವನು ನಿಲ್ಲಿಸಿದಾಗ ಅದರಲ್ಲಿ ನನ್ನ ಮುಖ ಕಂಡಿತು. ಮುಖ ಕಂಡ ಮೇಲೆ ಮನುಷ್ಯನಿಗೆ ಬೇರೇನೂ ಕಾಣುವುದಿಲ್ಲ. ಬೆಲೆ ಚದರ ಅಡಿಗೆ 42 ರೂಪಾಯಿ. ಪಕ್ಕದಲ್ಲೇ ಹೊಳಪಿಲ್ಲದ, ಕೊಂಚ ಒರಟು ಮೈಯ ಇನ್ನೊಂದು ಇತ್ತು. ಅದಕ್ಕೆ 50.

‘ನಿಮ್ಮ 600 ಅಡಿಗೆ 38 ಬಾಕ್ಸು ಸಾಕು ಸಾರ್. ಬಾಕ್ಸಿಗೆ ನಾಲ್ಕು, ಒಂದೊಂದೂ ಎರಡಡಿಗೆ ಎರಡಡಿ, ಅಲ್ಲಿಗೆ 16 ಚದರ ಅಡಿ’ ಎಂದ. ಜೊತೆಗೆ ಬಂದಿದ್ದ ಮಗಳು ಬಾಕ್ಸಿನ ಮೇಲೆ ಬರೆದದ್ದನ್ನು ಓದುತ್ತಿದ್ದಳು. ‘ಅಪ್ಪಾ, ಇದು ಎರಡಡಿಯಲ್ಲ, 60 ಸೆಂಟಿಮೀಟರು. ಬಾಕ್ಸಿಗೆ ಬರೋದು ಹದಿನೈದೂವರೆ ಅಡಿ. ಗೋಡೆ ಬುಡದ ಸ್ಕರ್ಟಿಂಗ್ ಲೆಕ್ಕವನ್ನೇ ಹಿಡಿದಿಲ್ಲ, ಅದೇ 60 ಅಡಿ ಆಗುತ್ತೆ. ಒಡೆಯೋದು, ಕತ್ತರಿಸೋದು ಅಂತ ನೂರಕ್ಕೆ ಐದು ಸೇರಿಸು. 45 ಬಾಕ್ಸು ಬೇಕು’ ಎಂದಳು. ನಾನು ಹೆಮ್ಮೆಯಿಂದ ಅಂಗಡಿಯಾತನ ಮುಖ ನೋಡಿದೆ. ಕಡಿಮೆ ತಂದು, ಆಮೇಲೆ ಕೊರತೆ ಬಿದ್ದದ್ದನ್ನು ತರಲು ಹೋದರೆ ಅದೇ ಬಣ್ಣದ ತಂಡ ಸಿಗದೆ ನೆಲಕ್ಕೆ ತೇಪೆ ಹಾಕಿದಂತಾಗುತ್ತದೆ ಎಂಬುದನ್ನು ಅವನೇ ಒಪ್ಪಿಕೊಂಡ.

ಅಷ್ಟರಲ್ಲಿ ಮಗಳು ತನ್ನ ಬಾಟಲಿಯಿಂದ ನಾಲ್ಕು ಹನಿ ನೀರನ್ನು ಆ ಕನ್ನಡಿಯ ಮೇಲೆ ಹಾಕಿ, ಚಪ್ಪಲಿ ಬಿಟ್ಟು ಕಾಲಿನಿಂದ ಉಜ್ಜಿದಳು. ‘ಅಂಕಲ್, ಒದ್ದೆಯಾದರೆ ಇದು ಜಾರಲ್ವಾ? ನಮ್ಮಜ್ಜಿ ಇದ್ದಾರೆ ಮನೇಲಿ’ ಎಂದಳು.

‘ನೆಲ ಒಣಗಿಸಿಟ್ಟುಕೊಂಡರೆ ಏನೂ ಆಗಲ್ಲಮ್ಮ’ ಎಂದ ಆತ.

‘ಸುಮ್ಮನಿರು, ಎಲ್ಲದಕ್ಕೂ ಬಾಯಿ ಹಾಕಬೇಡ’ ಎಂದೆ ನಾನು.

ಲೆಕ್ಕ ಹೇಳಿದಾಗ ಭೇಷ್ ಎಂದವನು, ಪ್ರಶ್ನೆ ಕೇಳಿದಾಗ ಬಾಯಿ ಮುಚ್ಚಿಸಿದೆ. ಲೆಕ್ಕ ನನ್ನ ದುಡ್ಡು ಉಳಿಸುತ್ತಿತ್ತು, ಪ್ರಶ್ನೆ ದುಡ್ಡು ಕೇಳುತ್ತಿತ್ತು. ಎಂಟು ರೂಪಾಯಿಯಂತೆ 45 ಬಾಕ್ಸಿಗೆ ಹೆಚ್ಚೆಂದರೆ ಐದೂವರೆ ಸಾವಿರದ ಮಾತು. ಸಿಮೆಂಟು, ಮರಳು, ಕೂಲಿ ಎಂದು ಹಾಸುವುದಕ್ಕೇ 33 ಸಾವಿರವಾಯಿತು, ಟೈಲ್ಸಿಗಿಂತ ಹೆಚ್ಚು. ಎಲ್ಲ ಸೇರಿ 62 ಸಾವಿರ. ಒರಟು ಟೈಲ್ಸ್ ತಂದಿದ್ದರೂ 70 ಸಾವಿರ ದಾಟುತ್ತಿರಲಿಲ್ಲ ಎಂಬುದನ್ನು ನಾನು ಕೂಡಿಸಿ ನೋಡಿದ್ದು ಬಹಳ ದಿನಗಳ ಮೇಲೆ, ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು.

ಗೃಹಪ್ರವೇಶಕ್ಕೆ ಬಂದವರೆಲ್ಲ ನೆಲವನ್ನು ಹೊಗಳಿದರು. ಅಮ್ಮ ಮಾತ್ರ ಗೋಡೆ ಹಿಡಿದು ನಡೆಯತೊಡಗಿದಳು. ‘ಹೊಸ ಮನೆ, ಅಭ್ಯಾಸವಾಗಬೇಕು’ ಎಂದುಕೊಂಡೆವು. ಮಗಳು ಬಚ್ಚಲ ಬಾಗಿಲಿಗೆ ಕಾಲೊರಸು ಹಾಸಿದಳು. ಅದೂ ಆ ನುಣುಪಿನ ಮೇಲೆ ನಿಲ್ಲದೆ ಜಾರಿತು. ಶ್ರಾವಣದ ಒಂದು ಬೆಳಿಗ್ಗೆ ಅಮ್ಮ ತುಳಸಿಗೆ ನೀರೆರೆದು ಒದ್ದೆಗಾಲಲ್ಲಿ ಒಳಗೆ ಬಂದಳು. ತಂಬಿಗೆ ಉರುಳಿದ ಸದ್ದು ಕೇಳಿ ಓಡಿ ಬಂದಾಗ ಬಲಗೈ ಮಣಿಕಟ್ಟು ಮುರಿದಿತ್ತು.

ಎಕ್ಸ್‌ರೇ, ಪ್ಲಾಸ್ಟರು, ಔಷಧಿ, ಆಟೋ ಎಂದು ಒಟ್ಟು 18 ಸಾವಿರ. ಆರು ವಾರ ಅಮ್ಮ ಎಡಗೈಯಲ್ಲಿ ಚಮಚ ಹಿಡಿದು ಉಂಡಳು. ಮುಟ್ಟಕೂಡದೆಂದಿದ್ದ ಠೇವಣಿಯನ್ನು ಮುರಿಸಿದೆ. ಮರುವರ್ಷ ಕಾಲೇಜಿಗೆ ಶುಲ್ಕ ಕಟ್ಟುವಾಗ ನನ್ನಾಕೆಯ ಎರಡು ಬಳೆಗಳು ಅಡವಿಗೆ ಹೋದವು. ಬಿಡಿಸಿಕೊಂಡು ಬರಲು ವರ್ಷ ಹಿಡಿಯಿತು. ಮಗಳು ‘ನಾನಾಗಲೇ ಹೇಳಿದ್ದೆ’ ಎಂದು ಒಂದು ದಿನವೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತೇನೋ. ಒಂದು ಸಂಜೆ ನಾನೇ ಕೇಳಿದೆ, ‘ಅದು ಹೇಗೆ ನಿನಗೆ ಹೊಳೆಯಿತು?’

‘ಆ ವರ್ಷ ಫಿಸಿಕ್ಸ್‌ನಲ್ಲಿ ಘರ್ಷಣೆಯ ಪಾಠ ಇತ್ತಲ್ಲಪ್ಪ. ನುಣುಪಾದ ನೆಲ ನೀರು ಹೀರಲ್ಲ, ನೀರು ಪದರದ ಹಾಗೆ ಮೇಲೇ ನಿಲ್ಲುತ್ತೆ. ಕಾಲಿಗೆ ನೆಲ ಸಿಗೋದೇ ಇಲ್ಲ’ ಎಂದಳು. ಪಾಠ ಅವಳ ಪುಸ್ತಕದಲ್ಲಿತ್ತು, ಶುಲ್ಕ ಕಟ್ಟಿದವನು ನಾನು. ಪ್ರಯೋಜನ ಪಡೆಯಲು ಮಾತ್ರ ಗೊತ್ತಾಗಲಿಲ್ಲ.

ಆ ದಸರಾ ರಜೆಯಲ್ಲಿ ಬಚ್ಚಲ ಮುಂದೆ, ಅಡಿಗೆಮನೆಯ ತೊಟ್ಟಿಯ ಬಳಿ ಮತ್ತು ಜಗಲಿಯಲ್ಲಿ ಟೈಲ್ಸ್ ಕೀಳಿಸಿದೆವು. ಒಳಗೆ ಒರಟು ಮೈಯ ಟೈಲ್ಸ್, ಜಗಲಿಗೆ ನಾನು ಉಗ್ರಾಣದ್ದೆಂದು ಹೀಗಳೆದಿದ್ದ ಶಹಾಬಾದ್ ಕಲ್ಲು. ಅದಕ್ಕೆ ಇನ್ನೂ 14 ಸಾವಿರ. ಈ ಕಲ್ಲಿಗೂ ಒಂದು ಗುಟ್ಟಿದೆ. ಅದು ಸುಣ್ಣದ ಕಲ್ಲು. ನಿಂಬೆರಸ, ಹುಣಿಸೆಹಣ್ಣು, ಬಚ್ಚಲು ತೊಳೆಯುವ ಆಸಿಡ್ ಬಿದ್ದರೆ ಮೈ ಮಾಸುತ್ತದೆ. ಸಾದಾ ನೀರಿನಲ್ಲಿ ಒರೆಸಿದರೆ ಸಾಕು.

ಇಷ್ಟು ಕಲಿತದ್ದನ್ನು ಕೇಳಿದವರಿಗೆಲ್ಲ ಹೇಳುತ್ತಿರುತ್ತೇನೆ. ಕೆಲವು ಟೈಲ್ಸ್ ಬಾಕ್ಸಿನ ಮೇಲೆ ಆರ್ 9ರಿಂದ ಆರ್ 13ರವರೆಗೆ ಒಂದು ಗುರುತಿರುತ್ತದೆ. ಸಂಖ್ಯೆ ಏರಿದಷ್ಟೂ ಜಾರುವುದು ಕಡಿಮೆ. ಗುರುತಿಲ್ಲದಿದ್ದರೆ ನೀರು ಹಾಕಿ ಕಾಲಿನಿಂದಲೇ ಉಜ್ಜಿ ನೋಡಿ. ಎಲ್ಲ ಬಾಕ್ಸುಗಳ ತಂಡದ ಸಂಖ್ಯೆ ಒಂದೇ ಇದೆಯೇ ಎಂದು ಇಳಿಸಿಕೊಳ್ಳುವಾಗಲೇ ನೋಡಿ. ಹಾಸಿದ ಮೇಲೆ ನಾಣ್ಯದಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಕೆಳಗೆ ಗಾರೆ ತುಂಬಿಲ್ಲವೆಂದು ಅರ್ಥ, ಭಾರ ಬಿದ್ದಾಗ ಒಡೆಯುವುದು ಅಲ್ಲೇ. ಬಾಡಿಗೆಯ ಕೋಣೆಯಲ್ಲಿ ಜೆರಾಕ್ಸ್ ಅಂಗಡಿ ಇಡಲು ಹೊರಟ ಗೆಳೆಯನಿಗೆ, ‘ಮಾಲೀಕನ ನೆಲಕ್ಕೆ ನೀನೇಕೆ ಟೈಲ್ಸ್ ಹಾಕಿಸುತ್ತೀಯ? ಇರುವ ಸಿಮೆಂಟು ನೆಲ ಸಮನಾಗಿದ್ದು ತೇವವಿಲ್ಲದಿದ್ದರೆ ವಿನೈಲ್ ಹಾಳೆ ಹಾಸು, ಬಿಡುವಾಗ ಸುತ್ತಿಕೊಂಡು ಹೋಗು’ ಎಂದೆ. ಅವನು ಹಾಗೇ ಮಾಡಿದ.

ಮೊನ್ನೆ ಚಿಕ್ಕಪ್ಪನ ಮಗ ಫೋನು ಮಾಡಿದ್ದ. ಮನೆ ಮುಗಿಯುತ್ತಾ ಬಂದಿದೆಯಂತೆ. ‘ಯಾವ ಬಣ್ಣದ ಟೈಲ್ಸ್ ಹಾಕಿಸಲಿ ಅಣ್ಣ?’ ಎಂದ.

‘ನಿಮ್ಮ ಮನೇಲಿ ಒದ್ದೆಗಾಲಲ್ಲಿ ಓಡಾಡೋರು ಯಾರ್ಯಾರು?’ ಎಂದೆ.

‘ಬಣ್ಣ ಕೇಳಿದರೆ ಕಾಲು ಕೇಳ್ತೀಯಲ್ಲ!’ ಎಂದು ನಕ್ಕ.

‘ಅಂಗಡಿಗೆ ಹೋಗುವಾಗ ಒಂದು ಬಾಟಲಿ ನೀರು ತಗೊಂಡು ಹೋಗು. ಹೈಸ್ಕೂಲಿಗೆ ಹೋಗೋ ನಿನ್ನ ಮಗನನ್ನೂ ಕರೆದುಕೊಂಡು ಹೋಗು. ಅವನೇನಾದರೂ ಕೇಳಿದರೆ ಸುಮ್ಮನಿರು ಅನ್ನಬೇಡ’ ಎಂದೆ.

ಜಗಲಿಯಲ್ಲಿ ಅಮ್ಮ ಕಲ್ಲಿನ ಮೇಲೆ ಕಾಲು ನೀಡಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ಮಾತು ಕಿವಿಗೆ ಬಿದ್ದಿರಬೇಕು. ಮೊರದಿಂದ ಕಣ್ಣೆತ್ತದೆ, ‘ಅವರಮ್ಮನನ್ನೂ ಒಂದು ಮಾತು ಕೇಳೋಕೆ ಹೇಳೋ’ ಎಂದಳು.