ಅಂಗೈಯಷ್ಟು ಜೀವ

ನಮ್ಮ ಅಡುಗೆಮನೆಯ ಮೂಲೆಯಲ್ಲಿ ಒಂದು ಇಲಿ ಬೋನು ಇದೆ. ತೊಗರಿಬೇಳೆಯ ಚೀಲಕ್ಕೆ ತೂತು ಕೊರೆಯುವ ಇಲಿಗಳಿಗಾಗಿ ರಾತ್ರಿ ಒಣಕೊಬ್ಬರಿಯ ಚೂರು ಸಿಕ್ಕಿಸಿ ಇಡುತ್ತೇನೆ. ಬೆಳಿಗ್ಗೆ ಬಿದ್ದದ್ದನ್ನು ನಮ್ಮವರು ಹೊರಗೆ ಒಯ್ಯುತ್ತಾರೆ. ಬಿಟ್ಟು ಬಂದರೋ, ಏನು ಮಾಡಿದರೋ, ನಾನು ಎಂದೂ ಕೇಳಿದವಳಲ್ಲ. ಅಂಥ ಮನೆಯಲ್ಲಿ ಇಲಿಯ ಬಳಗದ್ದೇ ಒಂದು ಪ್ರಾಣಿ ಸತ್ತಾಗ ಎರಡು ದಿನ ಯಾರಿಗೂ ಊಟ ಸೇರಲಿಲ್ಲ ಎಂದರೆ ನೀವು ನಗಬಹುದು. ನಗಿ. ಮೊದಲು ನಾನೂ ನಕ್ಕವಳೇ.

2022ರ ಡಿಸೆಂಬರ್‌ನಲ್ಲಿ ನನ್ನ ತಮ್ಮ ಹೈದರಾಬಾದಿನಿಂದ ಬರುವಾಗ ತೂತು ಮಾಡಿದ ಒಂದು ಬೂಟಿನ ಡಬ್ಬಿ ತಂದಿದ್ದ. ನನ್ನ ಮಗಳಿಗೆ ಸೋದರಮಾವನ ಉಡುಗೊರೆ. ಮುಚ್ಚಳ ತೆಗೆದರೆ ಒಳಗೆ ಕಂದುಬಣ್ಣದ, ಬಾಲವೇ ಕಾಣದ ಒಂದು ಉಂಡೆ. ಹ್ಯಾಮ್‌ಸ್ಟರ್ ಅಂತೆ. ಮಗಳು ಒಂದು ಶೇಂಗಾ ಕೊಟ್ಟಳು. ಅದನ್ನು ಗಲ್ಲದ ಚೀಲಕ್ಕೆ ತುರುಕಿಕೊಂಡಿತು. ಇನ್ನೊಂದು ಕೊಟ್ಟಳು, ಅದೂ ಹೋಯಿತು. ಏಳನೆಯದಕ್ಕೆ ಅದರ ಮುಖ ಗಲ್ಲಬಾವು ಬಂದ ಹುಡುಗನಂತಾಯಿತು. ಅಂದೇ ಅದಕ್ಕೆ ‘ಶೇಂಗಾ’ ಎಂದು ಹೆಸರಾಯಿತು.

ನಾವಿರುವುದು ಮೋಮಿನಪುರದಲ್ಲಿ. ಇಲ್ಲಿನ ಓಣಿಯಲ್ಲಿ ಸುದ್ದಿಗೆ ಕಾಲು ಬೇಕಿಲ್ಲ. ಸಂಜೆಯಾಗುವುದರೊಳಗೆ ಹುಡುಗರ ದಂಡು ಬಾಗಿಲಿಗೆ ಬಂತು: “ಟೀಚರ್, ಚೂಹಾ ದಿಖಾವ್!” ಮೂಲಿ ಮನೆಯ ಅಜ್ಜಿ ಮಾತ್ರ, “ಟೀಚರಮ್ಮಗ ಇಲಿ ಸಾಲಲಿಲ್ಲಂತ ಊರಿಂದ ತರಿಸ್ಯಾಳ” ಎಂದು ನಕ್ಕಳು.

ಅದರ ಊರು ಹೈದರಾಬಾದೂ ಅಲ್ಲ ಎಂಬುದು ಆಮೇಲೆ ಓದಿ ತಿಳಿಯಿತು. 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞ ಸಿರಿಯಾದ ಅಲೆಪ್ಪೊ ಪಟ್ಟಣದ ಬಳಿ ಹೊಲ ಅಗೆಸಿ, ಒಂದು ಬಿಲದಿಂದ ತಾಯಿ ಮತ್ತು ಮರಿಗಳನ್ನು ಹೊರತೆಗೆಸಿದ. ಲೋಕದ ಮನೆಗಳಲ್ಲಿ ಇಂದು ಸಾಕುವ ಚಿನ್ನದ ಬಣ್ಣದ ಹ್ಯಾಮ್‌ಸ್ಟರ್‌ಗಳು ಹೆಚ್ಚುಕಡಿಮೆ ಆ ಒಂದೇ ಮನೆತನದವು. ಅಲೆಪ್ಪೊದಿಂದ ಹೊರಟ ವಂಶದ ಒಂದು ಕುಡಿ ಕಲಬುರಗಿಯ ಓಣಿಯಲ್ಲಿ ಶೇಂಗಾ ತಿನ್ನುತ್ತ ಕೂತಿತ್ತು.

ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಸಂಸಾರ. ಮನೆಯವರು ಮಲಗಿದ ಮೇಲೆ ನಾನು ಉತ್ತರಪತ್ರಿಕೆ ತಿದ್ದಲು ಕೂತರೆ ಪಂಜರದ ಚಕ್ರದಲ್ಲಿ ಅದರ ಓಟ ಶುರು. ಕಿರ್ ಕಿರ್ ಸದ್ದಿಗೆ ಮೊದಲು ಸಿಟ್ಟು ಬರುತ್ತಿತ್ತು. ಬರಬರುತ್ತ ಆ ಸದ್ದಿಲ್ಲದೆ ಕೆಂಪು ಪೆನ್ನು ಮುಂದೆ ಸಾಗದಾಯಿತು. ಹುಡುಗಿಯ ಪ್ರಾಣಿ ಯಾವಾಗ ನನ್ನದೂ ಆಯಿತೋ ತಿಳಿಯಲಿಲ್ಲ.

ಒಣ ಸೀಮೆಯ ಪ್ರಾಣಿ, ನಮ್ಮ ಬಿಸಿಲು ಅದಕ್ಕೇನು ಲೆಕ್ಕ ಎಂದುಕೊಂಡಿದ್ದೆ. ಅದು ನನ್ನ ತಪ್ಪು. ಅಲ್ಲಿ ಅದು ಎರಡಡಿ ಆಳದ ಬಿಲದಲ್ಲಿ ತಣ್ಣಗೆ ಇರುತ್ತದೆ. ತಂತಿಯ ಪಂಜರದಲ್ಲಿ ಬಿಲ ಎಲ್ಲಿಂದ ಬರಬೇಕು? ಮೂವತ್ತು ಡಿಗ್ರಿ ದಾಟಿದರೇ ಅದಕ್ಕೆ ಸಂಕಟ. ನಮ್ಮೂರಿನ ಮೇ ತಿಂಗಳಲ್ಲಿ ನಲವತ್ತೆರಡು ದಾಟುವುದು ಹೊಸ ಮಾತೇನಲ್ಲ. 2023ರ ಬೇಸಿಗೆಯಲ್ಲಿ ಮಗಳು ಹಿತ್ತಿಲಲ್ಲಿ ಬಿದ್ದಿದ್ದ ಶಹಾಬಾದಿ ಫರಸಿಯ ತುಂಡೊಂದನ್ನು ತೊಳೆದು ಪಂಜರದೊಳಗೆ ಇಟ್ಟಳು. ಶೇಂಗಾ ಅದರ ಮೇಲೆ ಹೊಟ್ಟೆ ಹಚ್ಚಿ, ನಾಲ್ಕೂ ಕಾಲು ಚಾಚಿ ಮಲಗುತ್ತಿತ್ತು. ಆ ಬೇಸಿಗೆ ಹಾಗೆ ದಾಟಿತು.

2024ರ ಮೇ ತಿಂಗಳಲ್ಲಿ ಒಂದು ರಾತ್ರಿ ಚಕ್ರ ತಿರುಗಲಿಲ್ಲ. ಕೆಲಸದ ಗಡಿಬಿಡಿಯಲ್ಲಿ, ಅಬ್ಬಾ, ಸದ್ದಿಲ್ಲ ಎಂದುಕೊಂಡೆ. ಬೆಳಿಗ್ಗೆ ಮಗಳು, “ಅವ್ವಾ, ಶೇಂಗಾ ಏನೂ ತಿನ್ನವಲ್ದು” ಎಂದಳು. “ಬಿಸಲಿಗೆ ಹಂಗ ಆಗ್ತದ, ಸುಮ್ನಿರು” ಎಂದೆ. ಮರುದಿನವೂ ಅದೇ ಮಾತು, ಅದೇ ಉತ್ತರ. ಮೂರನೆಯ ದಿನ ಅದರ ಹಿಂಭಾಗವೆಲ್ಲ ಒದ್ದೆಯಾಗಿ, ಕಣ್ಣು ಅರ್ಧ ಮುಚ್ಚಿತ್ತು. ಬೇಟೆಗೆ ಗುರಿಯಾಗುವ ಸಣ್ಣ ಪ್ರಾಣಿಗಳು ರೋಗವನ್ನು ಕೊನೆಯವರೆಗೂ ಮುಚ್ಚಿಡುತ್ತವಂತೆ, ಸೊರಗಿದ್ದು ಕಂಡರೆ ಬೇಟೆಗಾರ ಮೊದಲು ಅದನ್ನೇ ಹಿಡಿಯುತ್ತಾನೆ. ನಮ್ಮ ಕಣ್ಣಿಗೆ ಕಂಡಾಗ ಅರ್ಧ ದಾರಿ ಮುಗಿದಿರುತ್ತದೆ. ನಾನು ಕಂಡ ಮೇಲೂ ಎರಡು ದಿನ ಕಳೆದಿದ್ದೆ.

ಪಶು ಆಸ್ಪತ್ರೆಯಲ್ಲಿ ಒಂದು ಎಮ್ಮೆ, ನಾಲ್ಕು ಆಡು, ಅವುಗಳ ನಡುವೆ ಡಬ್ಬಿ ಹಿಡಿದ ನಾವು. ಸಾಲಿನಲ್ಲಿದ್ದವರು ಇಣುಕಿ ನೋಡಿ ಮುಸಿಮುಸಿ ನಕ್ಕರು. ಡಾಕ್ಟರು ನಗಲಿಲ್ಲ. ತೂಗಿದರು: 84 ಗ್ರಾಂ. ನೂರರ ಮೇಲೆ ಇರಬೇಕಿತ್ತು. “ನೋಡ್ರಿ ಟೀಚರ್, ನಾ ದನ, ಆಡು ನೋಡಾಂವ. ಇಂಥಾವು ನಮ್ಮ ಕೈಗೆ ಬರೂದು ಅಪರೂಪ, ಸುಳ್ಳ್ಯಾಕ ಹೇಳ್ಲಿ” ಎಂದು, ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದಲ್ಲಿದ್ದ ಗೆಳೆಯರಿಗೆ ಫೋನು ಹಚ್ಚಿ ಕೇಳಿದರು. ಪೆನ್ಸಿಲಿನ್ ಜಾತಿಯ ಔಷಧ ದೊಡ್ಡ ಪ್ರಾಣಿಗೆ ಜೀವ ಕೊಟ್ಟರೆ ಇದಕ್ಕೆ ವಿಷವಂತೆ. ಮನೆಯಲ್ಲಿದ್ದ ಗುಳಿಗೆ ಪುಡಿ ಮಾಡಿ ಹಾಕಬೇಡಿ ಎಂದು ಎರಡು ಸಲ ಹೇಳಿದರು. ಹನಿ ಔಷಧ ಕೊಟ್ಟು, ಗಂಟೆಗೊಮ್ಮೆ ನೀರು ಹನಿಸಲು ಹೇಳಿ ಕಳಿಸಿದರು.

ಎರಡು ರಾತ್ರಿ ಹನಿಸಿದೆವು. ಮೂರನೆಯ ಬೆಳಗಿನ ಅಜಾನ್ ಮುಗಿಯುವ ಹೊತ್ತಿಗೆ ಅದು ನನ್ನ ಅಂಗೈಯಲ್ಲೇ ತಣ್ಣಗಾಯಿತು. ಮಗಳಿಗೆ ನಿದ್ದೆ.

ತಮ್ಮನಿಗೆ ಫೋನು ಮಾಡಿದೆ. “ಅಕ್ಕಾ, ಆಕಿಗೆ ಹೇಳಬ್ಯಾಡ. ದವಾಖಾನ್ಯಾಗ ಇಟ್ಟೀವಂತನ್ನು. ಅದೇ ಬಣ್ಣದ್ದು ಇನ್ನೊಂದು ನಾಳಿಗೆ ತರ್ತೀನಿ, ಗೊತ್ತಾಗಂಗಿಲ್ಲ” ಎಂದ. ಒಂದು ಕ್ಷಣ, ಒಂದೇ ಕ್ಷಣವೇನು, ಪೂರಾ ಅರ್ಧ ಗಂಟೆ ನನಗೂ ಅದೇ ಸರಿ ಎನಿಸಿತು. ಹುಡುಗಿಯ ದುಃಖಕ್ಕಿಂತ ಹೆಚ್ಚಾಗಿ, ಆಕೆ ಕೇಳಬಹುದಾದ ಒಂದು ಪ್ರಶ್ನೆಯ ಅಂಜಿಕೆ ನನಗಿತ್ತು.

ಪಕ್ಕದ ಮನೆಯ ಚಾಚಾ ಪಾರಿವಾಳ ಸಾಕಿದವರು. ಮಾಳಿಗೆಯಿಂದ ಕಾಳು ಹಾಕಿ ಇಳಿಯುತ್ತಿದ್ದವರು ನನ್ನ ಕೈ ನೋಡಿ ನಿಂತರು. ತಮ್ಮ ಹೇಳಿದ್ದನ್ನು ಹೇಳಿದೆ. “ಬೇಟಿ, ಬೆಕ್ಕು ಒಯ್ದ ಪಾರಿವಾಳದ ಜಾಗಕ್ಕ ನಾನೂ ಹೊಸಾದು ತಂದೀನಿ. ಹೊಸಾದು ಹೊಸಾದೇ, ಹಳೇದು ಹಳೇದೇ. ಮಗಳಿಗೆ ಎಬ್ಬಿಸು. ಮಣ್ಣು ಆಕಿ ಕೈಲಿಂದ ಬೀಳ್ಬೇಕು” ಎಂದು ತಮ್ಮ ಮನೆಯ ಸಲಿಕೆ ತಂದರು.

ಹಿತ್ತಿಲ ಬೇವಿನ ಮರದ ಕೆಳಗೆ ಅವರೇ ತೋಡಿದರು. ನಮ್ಮಲ್ಲೂ ಸತ್ತವರಿಗೆ ಮಣ್ಣು ಕೊಡುತ್ತಾರೆ, ಅವರಲ್ಲೂ ಕೊಡುತ್ತಾರೆ. ಹೇಗೆ ಎಂದು ಯಾರೂ ಯಾರನ್ನೂ ಕೇಳಬೇಕಾಗಲಿಲ್ಲ. ಮಗಳು ಮೂರು ಹಿಡಿ ಹಾಕಿದಳು. ಮೇಲೆ ಆ ಶಹಾಬಾದಿ ತುಂಡನ್ನಿಟ್ಟೆವು. ಆಗ ಅವಳು ಆ ಪ್ರಶ್ನೆ ಕೇಳಿಯೇ ಬಿಟ್ಟಳು: “ಅವ್ವಾ, ನಾ ಹೇಳಿದ ದಿನಾನೇ ಒಯ್ದಿದ್ರ ಉಳೀತಿತ್ತಾ?”

“ಗೊತ್ತಿಲ್ಲವ್ವಾ. ಉಳದ್ರೂ ಉಳೀತಿತ್ತು. ತಪ್ಪು ನಂದು” ಎಂದೆ.

ಅವಳು ಏನೂ ಅನ್ನಲಿಲ್ಲ. ಅವತ್ತು ಇಡೀ ದಿನ ನನ್ನೊಡನೆ ಮಾತಾಡಲಿಲ್ಲ. ರಾತ್ರಿ ಮಾತ್ರ ತನ್ನ ಹಾಸಿಗೆ ಬಿಟ್ಟು ನನ್ನ ಮಗ್ಗುಲಿಗೆ ಬಂದು ಮಲಗಿದಳು. ಸುಳ್ಳು ಹೇಳಿದ್ದರೆ ಆ ದಿನದ ಮೌನ ತಪ್ಪುತ್ತಿತ್ತು, ಆದರೆ ಆ ರಾತ್ರಿ ಅವಳು ಬರುತ್ತಿರಲಿಲ್ಲ.

ವಾರದ ಮೇಲೆ ಪಂಜರ ತೊಳೆಯುವಾಗ ಹೊಟ್ಟಿನ ಅಡಿಯಲ್ಲಿ ಹನ್ನೊಂದು ಶೇಂಗಾ ಸಿಕ್ಕವು, ಕೂಡಿಟ್ಟವು. ಮಗಳು ಎಣಿಸಿ, ಚಾಚಾನ ಮಾಳಿಗೆಗೆ ಒಯ್ದು, ಪುಡಿ ಮಾಡಿ ಪಾರಿವಾಳಕ್ಕೆ ಹಾಕಿ ಬಂದಳು.

ಹ್ಯಾಮ್‌ಸ್ಟರಿನ ಆಯುಷ್ಯವೇ ಎರಡು, ಹೆಚ್ಚೆಂದರೆ ಮೂರು ವರ್ಷ. ಅಷ್ಟು ಸಣ್ಣ ಆಯುಷ್ಯದಲ್ಲಿ ನಾನು ಕಳೆದ ಎರಡು ದಿನ ಸಣ್ಣದಲ್ಲ. ನಿಮ್ಮ ಮನೆಯಲ್ಲೂ ಇಂಥ ಪುಟ್ಟ ಜೀವವಿದ್ದರೆ, ಅದು ಒಂದು ಹೊತ್ತು ಉಣ್ಣದಿದ್ದರೆ, ಮಕ್ಕಳು ಹೇಳಿದ್ದನ್ನು ಅಂದೇ ಕೇಳಿ.

ಬೋನು ಈಗಲೂ ಅಡುಗೆಮನೆಯಲ್ಲಿದೆ. ಬೇಳೆಯ ಚೀಲ ಕಾಯಬೇಕಲ್ಲ. ಆದರೆ ಬೆಳಿಗ್ಗೆ ನಮ್ಮವರು ಅದನ್ನು ಎತ್ತಿಕೊಂಡು ಹೊರಟಾಗ, ಎಲ್ಲಿ ಬಿಟ್ಟು ಬರ್ತೀರಿ ಎಂದು ಈಗ ಕೇಳುತ್ತೇನೆ.