ಸರ್ಪವಿಷವೂ ಕಾಲವೂ

ಹಾವಿನ ವಿಷವೆಲ್ಲವೂ ಒಂದೇ ಎಂದು ಲೋಕವು ಭಾವಿಸುತ್ತದೆ. ಪ್ರಾಚೀನರು ಹಾಗೆ ಭಾವಿಸಲಿಲ್ಲ. ಸುಶ್ರುತಸಂಹಿತೆಯ ಕಲ್ಪಸ್ಥಾನವು ಸರ್ಪಗಳನ್ನು ಹೆಡೆಯುಳ್ಳ ದರ್ವೀಕರ, ಮೈಮೇಲೆ ಮಂಡಲಗಳುಳ್ಳ ಮಂಡಲಿ, ಗೆರೆಗಳುಳ್ಳ ರಾಜಿಮಂತ ಎಂದು ವಿಂಗಡಿಸಿ, ಒಂದೊಂದರ ವಿಷಲಕ್ಷಣವನ್ನೂ ಬೇರೆಬೇರೆಯಾಗಿ ಹೇಳುತ್ತದೆ. ಇಂದಿನ ವೈದ್ಯಶಾಸ್ತ್ರವು ವಾತಪಿತ್ತಕಫಗಳ ಪರಿಭಾಷೆಯನ್ನು ಬಿಟ್ಟಿದೆಯಾದರೂ, ಹಾವಿನ ಜಾತಿಯಂತೆ ವಿಷದ ನಡೆಯೂ ಬೇರೆಯಾಗುವುದೆಂಬ ಮಾತನ್ನು ಬಿಟ್ಟಿಲ್ಲ.

ನಾಗರಹಾವಿನ ವಿಷವು ನರವು ಸ್ನಾಯುವಿಗೆ ಆಜ್ಞೆಯನ್ನು ಒಪ್ಪಿಸುವ ಸಂಧಿಸ್ಥಾನದಲ್ಲಿ ಬಾಗಿಲನ್ನಿಕ್ಕುತ್ತದೆ. ಆಜ್ಞೆಯು ಹೊರಟರೂ ಸ್ನಾಯುವಿಗೆ ಮುಟ್ಟದು. ಮೊದಲು ರೆಪ್ಪೆಗಳು ಜೋಲುತ್ತವೆ, ನಾಲಗೆಯು ತೊದಲುತ್ತದೆ, ಗುಟುಕು ಇಳಿಯದು. ಕಡೆಗೆ ಉಸಿರಾಟದ ಸ್ನಾಯುಗಳೇ ನಿಂತುಹೋಗುತ್ತವೆ. ಕಟ್ಟುಹಾವಿನದು ಇದಕ್ಕಿಂತಲೂ ಮೋಸದ ನಡೆ. ಅದು ರಾತ್ರಿಯಲ್ಲಿ, ನೆಲದ ಮೇಲೆ ಮಲಗಿದವರನ್ನು ಕಚ್ಚುವುದೇ ಹೆಚ್ಚು. ಕಚ್ಚಿದ ಕಡೆ ನೋವಾಗಲಿ ಬಾವಾಗಲಿ ಬಹಳವಾಗಿ ಕಾಣದು. ಬೆಳಗಾಗುವಾಗ ಹೊಟ್ಟೆನೋವೆನ್ನುವವನ ರೆಪ್ಪೆಗಳು ಜೋತಿರುವುದನ್ನು ಕಂಡಾಗಲೇ ಸಂಶಯವು ಹುಟ್ಟುತ್ತದೆ. ಇಂಥ ರೋಗಿಯು ಕಣ್ಣು ಬಿಡಲಾರನು, ತುಟಿಯಾಡಿಸಲಾರನು. ಆದರೂ ಒಳಗೆ ಎಚ್ಚರವಾಗಿದ್ದು, ಸುತ್ತಲಿನವರ ಗೋಳನ್ನು ಕೇಳುತ್ತಿರಬಹುದು. ಅವನನ್ನು ಸತ್ತನೆಂದು ಬಗೆಯದೆ ಯಂತ್ರದಿಂದ ಉಸಿರನ್ನು ಒದಗಿಸಿದರೆ, ಕೆಲವು ದಿನಗಳ ಮೇಲೆ ಅವನು ಎದ್ದು ಕುಳಿತಾನು.

ಕೊಳಕುಮಂಡಲ, ಗರಗಸಮಂಡಲಗಳ ವಿಷವಾದರೋ ರಕ್ತವನ್ನು ಹಿಡಿಯುತ್ತದೆ. ಹೆಪ್ಪುಗಟ್ಟುವುದಕ್ಕೆ ಬೇಕಾದ ದ್ರವ್ಯಗಳು ವ್ಯಯವಾಗಿಹೋಗಿ, ಒಸರತೊಡಗಿದ ರಕ್ತವು ನಿಲ್ಲದು. ಕೊಳಕುಮಂಡಲದ ವಿಷವು ಮೂತ್ರಪಿಂಡಗಳನ್ನೂ ಕೆಡಿಸಬಲ್ಲುದು. ವೈದ್ಯರು ಸ್ವಲ್ಪ ರಕ್ತವನ್ನು ಶುಚಿಯಾದ ಗಾಜಿನ ನಳಿಗೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಓರೆಮಾಡಿ ನೋಡುತ್ತಾರೆ. ಹೆಪ್ಪುಗಟ್ಟದೆ ಹರಿದರೆ ವಿಷವು ರಕ್ತವನ್ನು ಹೊಕ್ಕಿದೆಯೆಂದು ತಿಳಿಯುತ್ತಾರೆ.

ಇಷ್ಟು ಸೂಕ್ಷ್ಮವಾಗಿ ಕಂಡ ಸುಶ್ರುತನೇ, ಕಚ್ಚಿದ ಕಡೆಯಿಂದ ನಾಲ್ಕಂಗುಲ ಮೇಲೆ ಬಿಗಿದು ಕಟ್ಟಬೇಕೆಂದೂ ಗಾಯವನ್ನು ಕೊಯ್ದು ಹೀರಬೇಕೆಂದೂ ವಿಧಿಸಿದ್ದಾನೆ. ಇಂದಿನ ವೈದ್ಯರು ಇವನ್ನು ನಿಷೇಧಿಸುತ್ತಾರೆ. ಕಟ್ಟಿನಿಂದ ಅಂಗವೇ ಕೊಳೆಯಬಹುದು. ಕೊಯ್ದ ಗಾಯವು ನಿಲ್ಲದ ರಕ್ತಕ್ಕೆ ದಾರಿಯಾದೀತು. ಪರೀಕ್ಷೆಗೆ ನಿಂತ ಮಾತನ್ನು ಉಳಿಸಿಕೊಂಡು ನಿಲ್ಲದುದನ್ನು ಬಿಡುವುದರಿಂದ ಶಾಸ್ತ್ರದ ಗೌರವಕ್ಕೆ ಕುಂದಿಲ್ಲ. ಮಂತ್ರದಿಂದ ಬದುಕಿದರೆಂಬ ಕಥೆಗಳಲ್ಲಿಯೂ, ಬದುಕಿದುದು ದಿಟವೇ ಇರಬಹುದು. ಆದರೆ ಬಹುಪಾಲು ಹಾವುಗಳಲ್ಲಿ ಮಾರಕವಿಷವಿಲ್ಲ. ವಿಷದ ಹಾವೂ ಎಷ್ಟೋ ವೇಳೆ ವಿಷವಿಕ್ಕದೆ ಕಚ್ಚುತ್ತದೆ. ಹಾಗೆ ಕಚ್ಚಿಸಿಕೊಂಡವನು ಮಂತ್ರವಿಲ್ಲದೆಯೂ ಬದುಕುತ್ತಿದ್ದನು. ಅವನ ಕಥೆಯನ್ನು ನಂಬಿ ಮನೆಯಲ್ಲಿಯೇ ಕುಳಿತ ಮತ್ತೊಬ್ಬನು ಪ್ರಾಣವನ್ನು ಕಳೆದುಕೊಳ್ಳುತ್ತಾನೆ.

1890ರ ದಶಕದಲ್ಲಿ ಫ್ರಾನ್ಸಿನ ಆಲ್ಬೇರ್ ಕಾಲ್ಮೆಟ್ ಮೊದಲಾದವರು ತೋರಿದ ಮಾರ್ಗದಿಂದ ಪ್ರತಿವಿಷವು ದೊರಕಿತು. ಕುದುರೆಗೆ ವಿಷವನ್ನು ಅಲ್ಪಾಲ್ಪವಾಗಿ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ ಪ್ರತಿದ್ರವ್ಯದಿಂದ ಈ ಔಷಧವನ್ನು ಮಾಡುತ್ತಾರೆ. ಭಾರತದಲ್ಲಿ ತಯಾರಾಗುವ ಔಷಧವು ಮೇಲೆ ಹೇಳಿದ ನಾಲ್ಕು ಹಾವುಗಳಿಗೂ ಸಲ್ಲುವಂತಹುದು. ಆದರೆ ರಕ್ತದಲ್ಲಿ ಸಂಚರಿಸುವ ವಿಷವನ್ನು ಅದು ಹಿಡಿದೀತೇ ಹೊರತು, ಆಗಿಹೋದ ಹಾನಿಯನ್ನು ಹಿಂದಿರುಗಿಸದು. ಆದುದರಿಂದ ಕಾಲವೇ ಇಲ್ಲಿ ಮುಖ್ಯವು. 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನರು ಹಾವು ಕಚ್ಚಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಅವರಲ್ಲಿ ಬಹುಮಂದಿ ಹಳ್ಳಿಗರು.

ಮನೆಯವರು ಮಾಡಬೇಕಾದುದು ಸ್ವಲ್ಪವೇ: ಧೈರ್ಯ ಹೇಳುವುದು, ಕಚ್ಚಿದ ಅಂಗವನ್ನು ಅಲುಗಿಸದಿರುವುದು, ರೋಗಿಯನ್ನು ನಡೆಯಿಸದೆ ಆಸ್ಪತ್ರೆಗೆ ಒಯ್ಯುವುದು. ಮಂತ್ರದಲ್ಲಿ ಶ್ರದ್ಧೆಯುಳ್ಳವರು ದಾರಿಯುದ್ದಕ್ಕೂ ಜಪಿಸಬಹುದು. ಅದಕ್ಕಾಗಿ ಗಾಡಿಯನ್ನು ಮಾತ್ರ ನಿಲ್ಲಿಸಬಾರದು.